ಶಹಾಬಾದಿ ಕಲ್ಲಿನ ಮೇಲೆ ಬಂದ ಅಪವಾದ

ಜನವರಿಯ ಒಂದು ಬೆಳಿಗ್ಗೆ ಟ್ಯಾಂಕಿನ ಮುಂದೆ ಕೂತು ಸತ್ತ ಮೀನು ಎತ್ತುತ್ತಿದ್ದೆ. ಕೈಯಲ್ಲಿ ಹಳೆಯ ಚಹಾ ಸೋಸುವ ಜಾಳಿಗೆ. ಐದು ದಿನದ ಹಿಂದೆ ತಂದ ಹನ್ನೆರಡು ನಿಯಾನ್ ಟೆಟ್ರಾಗಳಲ್ಲಿ ಅದು ಹತ್ತನೆಯದು. ಬದುಕಿದ್ದಾಗ ಮೈಮೇಲೆ ಹೊಳೆಯುತ್ತಿದ್ದ ನೀಲಿ ಗೆರೆ ಮಾಸಿ, ಮೀನು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಮಗ ಎದ್ದು ಬರುವುದರೊಳಗೆ ತೆಗೆದುಬಿಡಬೇಕು ಅನ್ನುವ ಅವಸರ ನನಗೆ. ಹಿಂದೆ ಮಾವನವರು ಬಂದು ನಿಂತದ್ದು ಗೊತ್ತಾಯಿತು. ತಿರುಗಿ ನೋಡದೆ ಅಂದೆ: "ಮಾಮಾ, ಈ ಕಲ್ಲೇ ಏನೋ ಮಾಡ್ಯಾದ ಅನಸ್ತದ. ತೆಗೆದು ಹೊರಗ ಇಡ್ತೀನಿ."

ಅವರು ಏನೂ ಅನ್ನಲಿಲ್ಲ. ತಾವೇ ಅಂಗಿಯ ತೋಳು ಮಡಚಿ ಟ್ಯಾಂಕಿನಲ್ಲಿ ಕೈ ಹಾಕಿ, ಮೂರೂ ಕಲ್ಲು ಎತ್ತಿ, ಧೋತರದ ಅಂಚಿಗೆ ಒರೆಸಿಕೊಂಡು ಅಂಗಳಕ್ಕೆ ಒಯ್ದು ತುಳಸಿ ಕಟ್ಟೆಯ ಪಕ್ಕ ಇಟ್ಟರು.

ಆ ಕಲ್ಲು ತಂದವರು ಅವರೇ. ಶಹಾಬಾದ್ ಕಡೆಯ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಗಣಿಯಲ್ಲಿ 30 ವರ್ಷ ಮುಕದ್ದಮರಾಗಿ ಆಳುಗಳನ್ನು ನೋಡಿಕೊಂಡವರು ನಮ್ಮ ಮಾವ. ನಮ್ಮ ಮನೆಯ ನೆಲ, ಮೆಟ್ಟಿಲು, ಬಟ್ಟೆ ಒಗೆಯುವ ಕಲ್ಲು ಎಲ್ಲ ಅದೇ ಬೂದು ಬಣ್ಣದ ಫರ್ಸಿ. ಕಲಬುರಗಿಯಲ್ಲಿ ಹಳೆ ಮನೆ ಯಾವುದೇ ಇರಲಿ, ಕಾಲಿಗೆ ತಂಪಾಗಿ ಹತ್ತುವುದು ಆ ಕಲ್ಲೇ. ಮೊಮ್ಮಗನಿಗೆ ಮೀನಿನ ಟ್ಯಾಂಕ್ ಬರುತ್ತದೆ ಅಂತ ಕೇಳಿದ ಮಾರನೆಯ ದಿನವೇ ಹಳೆಯ ಗೆಳೆಯರ ಗಣಿಗೆ ಹೋಗಿ, ಪುಸ್ತಕದ ಹಾಳೆಯ ಹಾಗೆ ಪದರ ಎದ್ದು ಕಾಣುವ ಮೂರು ತುಂಡು ಆರಿಸಿ, ಚೂಪು ಅಂಚನ್ನೆಲ್ಲ ತಿಕ್ಕಿ ನುಣುಪು ಮಾಡಿ ತಂದಿದ್ದರು. ಎರಡು ನಿಲ್ಲಿಸಿ ಮೂರನೆಯದನ್ನು ಮೇಲೆ ಇಟ್ಟರೆ ಸಣ್ಣ ಗುಡಿಯ ಬಾಗಿಲಿನ ಹಾಗೆ ಕಾಣುತ್ತಿತ್ತು.

ಕಲ್ಲಿನ ಮೇಲೆ ನಾನು ಸುಮ್ಮನೆ ತಪ್ಪು ಹೊರಿಸಿರಲಿಲ್ಲ. ಹಿಂದಿನ ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದಿದ್ದೆ: ಟ್ಯಾಂಕಿಗೆ ಹಾಕುವ ಕಲ್ಲಿನ ಮೇಲೆ ವಿನೆಗರ್ ಬಿಡಬೇಕು, ನೊರೆ ಎದ್ದರೆ ಅದು ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ ಅಂತ. ಅಡುಗೆಮನೆಯ ವಿನೆಗರನ್ನು ಚಮಚದಲ್ಲಿ ತಂದು ಬಿಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಕಲ್ಲಿನ ಸಣ್ಣ ಸಣ್ಣ ಸೀಳಿನಲ್ಲಿ ಸಾಸಿವೆಯಷ್ಟು ಗುಳ್ಳೆ ಸಾಲುಗಟ್ಟಿದವು, ಒಂದು ಒಡೆದರೆ ಎರಡು ಹುಟ್ಟಿದವು, ಕಿವಿ ಹತ್ತಿರ ಒಯ್ದರೆ ಚುರ್ ಅಂತ ಸಣ್ಣ ಸದ್ದು. ಬರದೆ ಏನು ಮಾಡೀತು? ಶಹಾಬಾದ್, ವಾಡಿ, ಸೇಡಂ ಸುತ್ತ ಇಷ್ಟೊಂದು ಸಿಮೆಂಟ್ ಕಾರ್ಖಾನೆ ನಿಂತಿರುವುದೇ ನೆಲದ ಕೆಳಗೆ ಸುಣ್ಣದ ಕಲ್ಲು ಇರುವುದಕ್ಕೆ. ನಿಯಾನ್ ಟೆಟ್ರಾ ಬಂದದ್ದು ಅಮೆಜಾನ್ ಕಡೆಯ ಮೆದು ನೀರಿನಿಂದ. ಸಾಕ್ಷಿ ಸಿಕ್ಕಿತು ಅಂತ ನಾನು ತೀರ್ಪು ಕೊಟ್ಟುಬಿಟ್ಟೆ.

ನಾನು ಗಂಜ್‌ನಲ್ಲಿ ಒಂದು ತೊಗರಿ ಬೇಳೆ ಮಿಲ್ಲಿನ ಲೆಕ್ಕ ಬರೆಯುವವಳು. ಒಂದು ಬದಿಯ ಅಂಕಿ ನೋಡಿ ತೀರ್ಮಾನ ಮಾಡುವ ಚಾಳಿ ಇಲ್ಲ. ಕಲ್ಲು ಹೊರಗೆ ಹೋದ ಮೇಲೆ ಮಾವನವರು ಎರಡು ದಿನ ಟ್ಯಾಂಕಿನ ಕಡೆ ಬರದೆ ಇದ್ದದ್ದು ನೋಡಿ ಮನಸ್ಸಿಗೆ ಚುಚ್ಚಿತು. ಉಳಿದ ಎರಡು ಮೀನೂ ಕಲ್ಲಿಲ್ಲದ ಟ್ಯಾಂಕಿನಲ್ಲೇ ಸತ್ತವು. ಆಗ ಒಂದು 100 ಪುಟದ ನೋಟ್‌ಬುಕ್ ತೆಗೆದು ಟ್ಯಾಂಕಿಗೇ ಅಂತ ಒಂದು ಖಾತೆ ತೆರೆದೆ.

ನೀರಿನಲ್ಲಿ ಕರಗಿದ್ದು ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಪೆನ್ನು, ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಪಿಎಚ್ ನೋಡುವ ಹನಿಗಳು, ಅಮೋನಿಯಾ ನೋಡುವ ಹನಿಗಳು, ಇಷ್ಟು ತರಿಸಿದೆ. ಮಗ ನಾಲ್ಕು ಸ್ಟೀಲ್ ಡಬ್ಬಿ ಸಾಲಾಗಿ ಇಟ್ಟ. ಒಂದರಲ್ಲಿ ಬರೀ ನಳದ ನೀರು, ಒಂದರಲ್ಲಿ ನಳದ ನೀರು ಮತ್ತು ಕಲ್ಲು, ಮೂರನೆಯದರಲ್ಲಿ ಬರೀ ಆರ್‌ಓ ನೀರು, ನಾಲ್ಕನೆಯದರಲ್ಲಿ ಆರ್‌ಓ ನೀರು ಮತ್ತು ಕಲ್ಲು. ಒಂದು ವಾರ ಮುಚ್ಚಿಟ್ಟೆವು. ಎಂಟನೆಯ ದಿನ ಪೆನ್ನು ಅದ್ದಿ ಅಳೆದರೆ ನಳದ ನೀರು ಲೀಟರಿಗೆ 540 ಮಿಲಿಗ್ರಾಂ, ಕಲ್ಲು ಹಾಕಿದ ನಳದ ನೀರು 548. ಪಿಎಚ್ ಎರಡರದೂ 8.2. ಆರ್‌ಓ ನೀರು ಮಾತ್ರ 45 ಇದ್ದದ್ದು ಕಲ್ಲಿನ ಜೊತೆ 90 ದಾಟಿತ್ತು.

ಅಂದರೆ ಕಲ್ಲು ಮೆದು ನೀರಿಗೆ ಸುಣ್ಣ ಕೊಡುತ್ತದೆ, ನಮ್ಮ ನಳದ ನೀರಿಗೆ ಕೊಡಲು ಅದರ ಹತ್ತಿರ ಹೆಚ್ಚಿಗೆ ಏನೂ ಇಲ್ಲ. ಹೊಟ್ಟೆ ತುಂಬಿದವರ ಎಲೆಗೆ ಮತ್ತೆ ಬಡಿಸಿದ ಹಾಗೆ. ಭೀಮಾ, ಬೆಣ್ಣೆತೊರೆಯಿಂದ ಬರುವ ನಮ್ಮ ನೀರು ಸುಣ್ಣದ ನೆಲ, ಎರೆ ನೆಲ ಹಾಯ್ದು ಬರುವಾಗಲೇ ತುಂಬಿಕೊಂಡಿರುತ್ತದೆ. ಕಲ್ಲು ಹೊರಗೆ ಇಟ್ಟರೂ ಒಳಗೆ ಇಟ್ಟರೂ ಪಿಎಚ್ ಅಷ್ಟೇ.

ಹಾಗಾದರೆ ಮೀನು ಸತ್ತದ್ದು ಯಾಕೆ? ಉತ್ತರ ಅಮೋನಿಯಾದ ಹನಿಯಲ್ಲಿತ್ತು. ಖಾಲಿ ಮಾಡದೆ ಬಿಟ್ಟಿದ್ದ ಟ್ಯಾಂಕಿನ ನೀರು ಎರಡು ಚಮಚ ಗಾಜಿನ ನಳಿಗೆಗೆ ಹಾಕಿ ಹನಿ ಬಿಟ್ಟು ಐದು ನಿಮಿಷ ಕಾದರೆ ಹಳದಿ ಹೋಗಿ ಕಡು ಹಸಿರು. ಅಂಗಡಿಯಲ್ಲಿ "ಇವತ್ತ ನೀರ್ ಹಾಕ್ರಿ, ಇವತ್ತೇ ಮೀನ್ ಬಿಡ್ರಿ, ಏನೂ ಆಗಲ್ಲ ಅಕ್ಕಾರ" ಅಂದಿದ್ದರು. ನಾನೂ ಕೇಳಿದೆ. ಮೀನಿನ ಮಲ, ತಿನ್ನದೆ ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್ ಮಾಡುವ, ಆ ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಹೊಸ ಟ್ಯಾಂಕಿನಲ್ಲಿ ಇರುವುದಿಲ್ಲ. ಅವು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ಮನೆ ಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು.

ಇದರಲ್ಲಿ ನಮ್ಮ ಕಡೆಯವರು ಗಮನ ಇಡಬೇಕಾದ ಒಂದು ವಿಷಯ ಇದೆ, ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಒಂದು ಅಮೋನಿಯಂ, ಅಷ್ಟು ಕೇಡಿಲ್ಲದ್ದು. ಇನ್ನೊಂದು ಕಿವಿರು ಸುಡುವ ಅಮೋನಿಯಾ. ಯಾವುದು ಎಷ್ಟು ಅನ್ನುವುದನ್ನು ಪಿಎಚ್ ಮತ್ತು ಶಾಖ ನಿರ್ಧರಿಸುತ್ತವೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದೂ ಇಲ್ಲ. ಅದೇ ಶಾಖಕ್ಕೆ ಪಿಎಚ್ 8.2 ಆದರೆ ನೂರಕ್ಕೆ ಎಂಟು. ನೀರು 32 ಡಿಗ್ರಿಗೆ ಏರಿದರೆ ಹನ್ನೆರಡರ ಮೇಲೆ. ಮೆದು ನೀರಿನ ಊರಿನಲ್ಲಿ ಅವಸರ ಮಾಡಿದವರ ಮೀನು ಹೇಗೋ ಬದುಕಿಕೊಂಡಾವು. ಕಲಬುರಗಿಯ ನೀರಿನಲ್ಲಿ ಆ ಅವಕಾಶ ಕಡಿಮೆ. ಆದ್ದರಿಂದ ಇಲ್ಲಿ ಟ್ಯಾಂಕ್ ಇಡುವವರು ಕಾಯಲೇಬೇಕು.

ನೋಟ್‌ಬುಕ್ ಹಿಡಿದು ಮಾವನವರ ಹತ್ತಿರ ಹೋದೆ. ಕನ್ನಡಕ ಹಾಕಿಕೊಂಡು ನಾಲ್ಕು ಡಬ್ಬಿಯ ಅಂಕಿಯ ಮೇಲೆ ಬೆರಳು ಆಡಿಸಿದರು.

"ನಮ್ಮ ಕಲ್ಲಿಂದೇನೂ ತಪ್ಪಿಲ್ಲ ಅಂದಂಗಾತು?"

"ಇಲ್ರಿ ಮಾಮಾ. ನಂದೇ ಅವಸರ. ಕಲ್ಲಿನ ಮ್ಯಾಲ ಸುಮ್ಕ ಅಪವಾದ ಹೊರಿಸ್ದೆ."

"ಹೋಗ್ಲಿ ಬಿಡವ್ವಾ," ಅಂದು ಎದ್ದು ಹೋಗಿ ತುಳಸಿ ಕಟ್ಟೆಯ ಪಕ್ಕದ ಮೂರೂ ಕಲ್ಲು ತಂದು, ಬ್ರಷ್ ಹಾಕಿ ತೊಳೆಯುತ್ತ ಕೂತರು.

ಅಲ್ಲಿಂದ ಎಲ್ಲ ಮೊದಲಿನಿಂದ. ಟ್ಯಾಂಕ್ ಅದೇ: ಉದ್ದ 2 ಅಡಿ, ಅಗಲ 1 ಅಡಿ, ಎತ್ತರ 1 ಅಡಿ. ಅಂಚಿನವರೆಗೆ ತುಂಬಿದರೆ 56 ಲೀಟರ್, ಮರಳು ಕಲ್ಲು ಹಾಕಿ ಮೇಲೆ ಒಂದು ಬೆರಳು ಜಾಗ ಬಿಟ್ಟರೆ ನೀರು ಸುಮಾರು 45 ಲೀಟರ್. ಎಲ್ಲ ಸೇರಿ 70 ಕಿಲೋದ ಮೇಲಾಗುತ್ತದೆ. ಟಿವಿ ಸ್ಟ್ಯಾಂಡಿನ ಮೇಲೆ ಇಡಬೇಡಿ. ನಾವು ಪಡಸಾಲೆಯಲ್ಲಿ ಕಿಟಕಿಯಿಂದ ದೂರ, ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ಟೆವು. ಬಿಸಿಲು ಬಿದ್ದರೆ ಗಾಜಿನ ತುಂಬ ಪಾಚಿ ಹಿಡಿಯುತ್ತದೆ, ಮತ್ತೆ ನಮ್ಮೂರ ಬಿಸಿಲು ಟ್ಯಾಂಕಿಗೆ ಬೇಡವೇ ಬೇಡ.

ಗಿಡ ಬೆಳೆಸುವ ಟ್ಯಾಂಕಿಗೆ ತಳದಲ್ಲಿ ಮಣ್ಣು ಇದ್ದರೆ ಒಳ್ಳೆಯದು. ಪ್ಯಾಕೆಟ್ಟಿನಲ್ಲಿ ಬರುವ ಅಕ್ವಾಸಾಯಿಲ್ ಇದೆ, ಬೆಲೆ ಹೆಚ್ಚು. ಅದೂ ಅಲ್ಲದೆ ಅದು ನೀರಿನ ಪಿಎಚ್ ಇಳಿಸಲು ಮಾಡಿದ್ದು, ನಮ್ಮ ಗಡಸು ನೀರಿಗೆ ಸಿಕ್ಕರೆ ಆ ಗುಣ ಬೇಗ ಸೋತುಹೋಗುತ್ತದೆ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಮಗ ಒಂದು ಡಬ್ಬಿ ಎರೆ ಮಣ್ಣು ತಂದಿಟ್ಟಿದ್ದ. ತೊಗರಿಗೆ, ಜೋಳಕ್ಕೆ ಅದಕ್ಕಿಂತ ಚಲೋ ಮಣ್ಣು ಇಲ್ಲ. ಗಾಜಿನ ಬರಣಿಯಲ್ಲಿ ನೀರು ಹಾಕಿ ಕಲಕಿ ಇಟ್ಟು ನೋಡಿದೆವು. ನಾಲ್ಕನೆಯ ದಿನಕ್ಕೂ ನೀರು ಚಹಾ ಬಣ್ಣದ್ದೇ. ನೀರು ಕುಡಿದು ಉಬ್ಬುವ, ಒಣಗಿದರೆ ಕೈ ಹೋಗುವಷ್ಟು ಬಿರಿಯುವ ಮಣ್ಣು ಅದು, ಅದರ ಕಣ ಅಷ್ಟು ಸಣ್ಣ. ಮೀನು ಒಂದು ಸಲ ಕೆದಕಿದರೆ ಟ್ಯಾಂಕೆಲ್ಲ ರಾಡಿ.

ಅಪ್ಪನಿಗೆ ಫೋನ್ ಮಾಡಿದೆ. ನನ್ನ ತವರು ಬೀದರ್. ಅಲ್ಲಿಯ ಮಣ್ಣು ಕೆಂಪು, ಕಲ್ಲೂ ಕೆಂಪು, ತೂತು ತೂತಾದ ಜಂಬಿಟ್ಟಿಗೆ. ಕಬ್ಬಿಣದ ಅಂಶಕ್ಕೇ ಆ ಬಣ್ಣ. ಕಲಬುರಗಿಯಿಂದ ಬಸ್ಸಿನಲ್ಲಿ ಹೋಗುವಾಗ ಕಪ್ಪು ನೆಲ ಮುಗಿದು ಕೆಂಪು ನೆಲ ಶುರುವಾಯಿತು ಅಂದರೆ ತವರು ಬಂತು ಅಂತ ನನಗೆ ಚಿಕ್ಕಂದಿನಿಂದ ಲೆಕ್ಕ. ಬಹಮನಿ ಕಾಲದವರು ನೌಬಾದಿನ ಹತ್ತಿರ ಆ ಜಂಬಿಟ್ಟಿಗೆಯನ್ನು ಕೊರೆದು ಕರೇಜ್ ಅಂತ ಸುರಂಗ ಕಾಲುವೆ ಮಾಡಿದ್ದಾರೆ. ಮಳೆ ನೀರು ಆ ತೂತುಗಳಿಂದ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ನಿಂತು, ಸುರಂಗಕ್ಕೆ ಜಿನುಗುತ್ತದೆ. ನೀರಿಗೆ ದಾರಿ ಬಿಡುವ, ಕಬ್ಬಿಣ ತುಂಬಿದ ಮಣ್ಣು. ಗಿಡದ ಬೇರಿಗೆ ಇನ್ನೇನು ಬೇಕು ಅನಿಸಿತು.

ಅಪ್ಪ ಪಕ್ಕದ ಓಣಿಯಲ್ಲಿ ಮನೆ ಪಾಯ ತೋಡಿದ ಮಣ್ಣು 3 ಕಿಲೋ ಚೀಲದಲ್ಲಿ ಕಟ್ಟಿ ತಂದುಕೊಟ್ಟರು. ತೊಳೆದು, ಕಸ ತೆಗೆದು, ವಿನೆಗರ್ ಬಿಟ್ಟೆ. ನೊರೆ ಬರಲಿಲ್ಲ. ತಳಕ್ಕೆ ಒಂದು ಸೆಂಟಿಮೀಟರ್ ಅದನ್ನು ಹರಡಿ, ಮೇಲೆ ಜರಡಿ ಹಿಡಿದು ಹತ್ತು ನೀರು ತೊಳೆದ ದಪ್ಪ ಮರಳು ನಾಲ್ಕು ಬೆರಳು ಹಾಕಿದೆ. ಮಣ್ಣಿನಲ್ಲಿ ಕಬ್ಬಿಣ ತುಕ್ಕಿನ ರೂಪದಲ್ಲಿರುತ್ತದೆ, ಬೇರಿಗೆ ಸುಲಭಕ್ಕೆ ದಕ್ಕುವುದಿಲ್ಲ. ಮರಳಿನ ಅಡಿ ಗಾಳಿ ಆಡದ ಕಡೆ ನಿಧಾನಕ್ಕೆ ಕರಗುವ ರೂಪಕ್ಕೆ ಬರುತ್ತದೆ. ಸಾರಜನಕ ಆ ಮಣ್ಣಿನಲ್ಲಿ ಹೆಚ್ಚಿಲ್ಲ, ಅದನ್ನು ಮೀನೇ ಕೊಡುತ್ತದೆ. ನೀರು ಸುರಿಯುವಾಗ ಮರಳಿನ ಮೇಲೆ ಒಂದು ಊಟದ ತಾಟು ಇಟ್ಟು, ಚೆಂಬಿನಿಂದ ತಾಟಿನ ಮೇಲೆ ಹಾಕಿದೆ. ಮಣ್ಣು ಕದಡಲಿಲ್ಲ.

ಗಿಡಗಳನ್ನು ಆರಿಸುವಾಗ ನೀರನ್ನೇ ಕೇಳಿದೆ ಅಂದರೆ ತಪ್ಪಿಲ್ಲ. ಗಡಸು ನೀರಿನಲ್ಲಿ ಬಾಡುವ ನಾಜೂಕು ಗಿಡಗಳ ಚಿತ್ರ ನೋಡಿ ಆಸೆ ಪಡುವುದನ್ನು ಬಿಟ್ಟೆ. ಹಿಂದಿನ ಸಾಲಿಗೆ ವ್ಯಾಲಿಸ್ನೇರಿಯಾ, ಉದ್ದ ರಿಬ್ಬನ್ನಿನ ಹಾಗಿನ ಎಲೆ. ಮೂಲೆಗೆ ಹಾರ್ನ್‌ವರ್ಟ್, ಬೇರೇ ಇಲ್ಲದ, ಬೆಕ್ಕಿನ ಬಾಲದಂಥ ಗಿಡ. ಇವೆರಡೂ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಸಾಲದಿದ್ದರೆ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟನ್ನೇ ಒಡೆದು ತಿನ್ನಬಲ್ಲವು. ಸಿಲಿಂಡರ್ ಇಟ್ಟು ಗ್ಯಾಸ್ ಬಿಡುವ ಖರ್ಚು ಉಳಿಯಿತು. ಚಲೋ ಬೆಳಕು ಬಿದ್ದ ದಿನ ವ್ಯಾಲಿಸ್ನೇರಿಯಾ ಎಲೆ ಸವರಿದರೆ ಬೆರಳಿಗೆ ಸಣ್ಣ ರವೆಯಂಥದ್ದು ಹತ್ತುತ್ತದೆ. ಅದು ರೋಗವಲ್ಲ, ಬೈಕಾರ್ಬೊನೇಟ್ ತಿಂದು ಎಲೆಯ ಮೇಲೆ ಬಿಟ್ಟ ಸುಣ್ಣ. ಮುಂದಿನ ಸಾಲಿಗೆ ಕ್ರಿಪ್ಟೊಕೊರೈನ್ ನೆಟ್ಟೆ. ಒಂದೇ ವಾರದಲ್ಲಿ ಎಲೆಯೆಲ್ಲ ಲೋಳೆಯಾಗಿ ಕರಗಿತು. ಕಿತ್ತು ಒಗೆಯಬೇಡಿ. ಜಾಗ ಬದಲಾದರೆ ಅದು ಹಾಗೇ ಮಾಡುತ್ತದೆ, ಬೇರಿನಿಂದ ಹೊಸ ಎಲೆ ಬರುತ್ತದೆ. ನನ್ನದು ಇಪ್ಪತ್ತೆರಡನೆಯ ದಿನ ಚಿಗುರಿತು. ಕಲ್ಲಿನ ಬಾಗಿಲಿಗೆ ಅನುಬಿಯಾಸ್ ಕಟ್ಟಿದವರು ಮಾವನವರು, ಬಿಳಿ ಹತ್ತಿ ದಾರದಿಂದ. ಅದರ ಗಡ್ಡೆಯನ್ನು ಮರಳಿನಲ್ಲಿ ಹೂಳಿದರೆ ಕೊಳೆಯುತ್ತದೆ, ಕಲ್ಲಿಗೆ ಕಟ್ಟಿದರೆ ತಾನೇ ಅಪ್ಪಿಕೊಳ್ಳುತ್ತದೆ.

ದೀಪ 12 ವ್ಯಾಟಿನ ಎಲ್‌ಇಡಿ, ದಿನಕ್ಕೆ 7 ತಾಸು. ಸ್ಪಂಜ್ ಫಿಲ್ಟರು, ಗಾಳಿಯ ಪಂಪು. ಇಷ್ಟೇ ಯಂತ್ರ.

ಬ್ಯಾಕ್ಟೀರಿಯಾಕ್ಕೆ ಕಾಯುವ ಕೆಲಸ ಸುಲಭವಾದದ್ದು ಮಿಲ್ಲಿನಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬ ಅಕ್ಕನಿಂದ. ಅವರ ಮನೆಯ ಟ್ಯಾಂಕಿಗೆ ಮೂರು ವರ್ಷ. "ನನ್ ಫಿಲ್ಟರಿನ ಸ್ಪಂಜ್ ಒಂದ್ ತುಂಡ ಕತ್ತರಿಸಿ ಕೊಡ್ತೀನಿ ತಗೋ, ಹೆಪ್ಪು ಹಾಕಿದಂಗ ಆಗ್ತದ," ಅಂದರು. ಟಿಫಿನ್ ಡಬ್ಬಿಯಲ್ಲಿ ಆ ಟ್ಯಾಂಕಿನದೇ ನೀರಿನಲ್ಲಿ ಮುಳುಗಿಸಿ ತಂದೆ. ಒಣಗಿದರೆ, ಕ್ಲೋರಿನ್ ನೀರಿನಲ್ಲಿ ತೊಳೆದರೆ ಹೆಪ್ಪು ಸತ್ತ ಹಾಗೆ. ಮೀನಿಲ್ಲದ ಟ್ಯಾಂಕಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತ ಹೋದೆವು. ನೋಟ್‌ಬುಕ್ಕಿನಲ್ಲಿ ಅಮೋನಿಯಾ ಏರಿತು, ನಿಂತಿತು, ಇಳಿಯಿತು. ಆಮೇಲೆ ನೈಟ್ರೈಟ್ ಏರಿತು, ಅದೂ ಇಳಿಯಿತು. ಮೂವತ್ಮೂರನೆಯ ದಿನ ಎರಡೂ ಸೊನ್ನೆ. ಅಷ್ಟು ದಿನ ಬರೀ ಗಿಡ ನೋಡುತ್ತ ಕೂತ ಮಗನ ತಾಳ್ಮೆಗೆ ನಾನು ಇವತ್ತಿಗೂ ತಲೆದೂಗುತ್ತೇನೆ.

ನಳದ ನೀರು ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ. ಬಂದ ದಿನ ಒಂದು ಡ್ರಮ್ ಟ್ಯಾಂಕಿಗೆ ಅಂತ ಬೇರೆ ತುಂಬಿ ಬಾಯಿ ತೆರೆದು ಎರಡು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರಕ್ಕೆ ಕ್ಲೋರಿನ್ ಅಳಿಸುವ ಥಯೋಸಲ್ಫೇಟ್ ಹರಳು ಒಂದು ಶೀಶೆ ಇಟ್ಟುಕೊಂಡಿದ್ದೇನೆ.

ನಮ್ಮೂರ ಶರಣಬಸವೇಶ್ವರ ಅಪ್ಪನ ಜಾತ್ರೆಯ ವಾರ ಮೀನು ಬಂತು. ಈ ಸಲ ಗಪ್ಪಿ. ಎರಡು ಗಂಡು, ಆರು ಹೆಣ್ಣು. ಗಂಡು ಹೆಚ್ಚಾದರೆ ಹೆಣ್ಣಿಗೆ ಬಿಡುವೇ ಕೊಡುವುದಿಲ್ಲ, ಅದಕ್ಕೆ ಈ ಲೆಕ್ಕ. ಗಪ್ಪಿ ಅಂದರೆ ಕೆಲವರಿಗೆ ಸಸಾರ, ಬಾವಿಗೆ ಸೊಳ್ಳೆ ಮರಿ ತಿನ್ನಲು ಬಿಡುವ ಮೀನು ಅಂತ. ಆರೋಗ್ಯ ಇಲಾಖೆಯವರು ಬಿಡುವುದೂ ಹೌದು. ಆದರೆ ಗಡಸು ನೀರಿನಲ್ಲಿ ಅದು ಮೈಬಿಚ್ಚಿ ಆಡುವುದನ್ನು ಹತ್ತಿರದಿಂದ ನೋಡಿದವರು ಹಾಗನ್ನುವುದಿಲ್ಲ. ನನ್ನ ಒಂದು ಗಂಡಿನ ಬಾಲದಲ್ಲಿ ಇಳಕಲ್ ಸೀರೆಯ ಸೆರಗಿನ ಕೆಂಪು ಇದೆ. ತಿರುಗುವಾಗ ಆ ಬಾಲ ಒಂದು ಗಳಿಗೆ ಮಡಿಕೆ ಬಿದ್ದು ಮತ್ತೆ ಹರಡುತ್ತದೆ. ನಿಯಾನ್ ಟೆಟ್ರಾಕ್ಕೆ ಅಂತ ನೀರನ್ನು ಬದಲಿಸಲು ಹೋಗುವುದಕ್ಕಿಂತ ನಮ್ಮ ನೀರಿಗೆ ಒಗ್ಗುವ ಮೀನು ತರುವುದೇ ಸರಿ ಅಂತ ನಾನು ಈಗ ಯಾರು ಕೇಳಿದರೂ ಹೇಳುತ್ತೇನೆ. ಗಡಸು ನೀರಿನ ಇನ್ನೊಂದು ಗುಣವೂ ಇದೆ, ಪಿಎಚ್ ದಿಢೀರ್ ಅಂತ ಕುಸಿಯಲು ಅದು ಬಿಡುವುದಿಲ್ಲ.

ಏಪ್ರಿಲ್ ಬಂತು. ನಮ್ಮ ಊರಿನ ಬೇಸಿಗೆ ಗೊತ್ತಲ್ಲ, ಹೊರಗೆ 42, 43. ಮಧ್ಯಾಹ್ನ ಪಡಸಾಲೆಯಲ್ಲೇ 37, ಟ್ಯಾಂಕಿನ ನೀರು 33. ಒಂದು ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗಿ, ಸೆಕೆಗೆ ಎದ್ದು ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಎಂಟೂ ಮೀನು ಮೇಲೆ ಬಂದು ನೀರಿನ ಅಂಚಿಗೆ ಬಾಯಿ ಹಚ್ಚಿ ಗುಟುಕರಿಸುತ್ತಿದ್ದವು. 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 32 ಡಿಗ್ರಿಯದು 7.3 ಮಾತ್ರ ಹಿಡಿಯುತ್ತದೆ. ಮೇಲಾಗಿ ರಾತ್ರಿ ಗಿಡಗಳೂ ಉಸಿರಾಡುತ್ತವೆ, ಕೊಡುವುದಿಲ್ಲ, ತೆಗೆದುಕೊಳ್ಳುತ್ತವೆ. ಚೆಂಬಿನಿಂದ ಟ್ಯಾಂಕಿನ ನೀರನ್ನೇ ಎತ್ತಿ ಎತ್ತಿ ಮೇಲಿಂದ ಸುರಿಯುತ್ತ ಕರೆಂಟ್ ಬರುವವರೆಗೆ ಕೂತೆ. ಸ್ವಲ್ಪ ಹೊತ್ತಿಗೆ ಮಾವನವರು ಎದ್ದು ಬಂದು ಚೆಂಬು ಇಸಿದುಕೊಂಡರು. "ನೀ ಮಕ್ಕೋ, ಮುಂಜಾನೆ ಮಿಲ್ಲಿಗೆ ಹೋಗಬೇಕು," ಅಂದರು. ಮರುದಿನ ಪಂಪನ್ನು ಇನ್ವರ್ಟರ್ ಸಾಲಿಗೆ ಹಾಕಿಸಿದೆ.

ತಂಪು ಮಾಡುವ ಉಪಾಯವನ್ನೂ ಅವರೇ ಹೇಳಿದ್ದು. "ಮಣ್ಣಿನ ಹರವಿ ನೀರು ಹ್ಯಾಂಗ ತಣ್ಣಗಾಗ್ತದ? ಗಾಳಿ ಬಿಡವ್ವಾ ಅದಕ್ಕ." ಟ್ಯಾಂಕಿನ ಗಾಜಿನ ಮುಚ್ಚಳ ತೆಗೆದು ಜಾಳಿಗೆ ಹೊದಿಸಿ, ಒಂದು ಸಣ್ಣ ಫ್ಯಾನು ನೀರಿನ ಮೇಲೆ ಓರೆಯಾಗಿ ಬೀಸುವ ಹಾಗೆ ಕಟ್ಟಿದೆವು. ಸಂಜೆಗೆ 33 ಇದ್ದದ್ದು 29. ಒಂದು ಲೀಟರ್ ನೀರು ಆವಿಯಾಗುವಾಗ ಎಳೆದುಕೊಂಡು ಹೋಗುವ ಶಾಖ 45 ಲೀಟರ್ ನೀರನ್ನು ಹನ್ನೆರಡು ಡಿಗ್ರಿ ಇಳಿಸುವಷ್ಟು ಇದೆ. ಸುತ್ತಲಿನ ಬಿಸಿ ಗಾಳಿ ಮತ್ತೆ ಕಾಯಿಸುತ್ತಲೇ ಇರುವುದರಿಂದ ನಾಲ್ಕು ಡಿಗ್ರಿ ದಕ್ಕುತ್ತದೆ. ಮಂಗಳೂರಿನ ಹಸಿ ಗಾಳಿಯಲ್ಲಿ ಈ ಉಪಾಯ ಇಷ್ಟು ನಡೆಯದು. ನಮ್ಮ ಕಡೆ ಬೇಸಿಗೆ ಗಾಳಿ ಒಣ ಗಾಳಿ, ಮನೆಮನೆಯಲ್ಲಿ ಕೂಲರ್ ನಡೆಯುವುದೂ ಅದಕ್ಕೇ.

ಆದರೆ ಕೂಲರಿನ ಹುಲ್ಲಿನ ಮೇಲೆ ಬೇಸಿಗೆ ಕೊನೆಗೆ ಬಿಳಿ ಸುಣ್ಣ ಗಟ್ಟಿಯಾಗಿ ಕೂತಿರುತ್ತದಲ್ಲ, ಅದು ನನ್ನ ತಲೆಗೆ ಬೇಗ ಹೊಳೆಯಲಿಲ್ಲ. ದಿನಕ್ಕೆ ಒಂದೂಕಾಲು ಲೀಟರ್ ಕಡಿಮೆಯಾಗುತ್ತಿತ್ತು, ನಾನು ನಳದ ನೀರು ಹಾಕಿ ಸರಿ ಮಾಡುತ್ತಿದ್ದೆ. ವಾರಕ್ಕೊಮ್ಮೆ 10 ಲೀಟರ್ ಬದಲಿಸುತ್ತಲೂ ಇದ್ದೆ. ಏಪ್ರಿಲ್ ಕೊನೆಗೆ ಪೆನ್ನು ಅದ್ದಿದರೆ 540 ಇರಬೇಕಾದ್ದು 770. ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಆವಿಯಾಗಿ ಹೋದದ್ದು ಬರೀ ನೀರು, ಉಪ್ಪು ಸುಣ್ಣ ಎಲ್ಲ ಇಲ್ಲೇ ಉಳಿಯಿತು. ಮೇಲೆ ಹಾಕಿದ ಒಂದೊಂದು ಚೆಂಬೂ ಇನ್ನಷ್ಟು ತಂದಿತು. ದಿನಕ್ಕೆ 15ರಂತೆ ಅಸಲಿನ ಮೇಲೆ ಬಡ್ಡಿ. ಅವತ್ತಿನಿಂದ ಆವಿಯಾಗಿ ಹೋದದ್ದಕ್ಕೆ ಆರ್‌ಓ ನೀರು, ಕೈಯಾರೆ ತೆಗೆದದ್ದಕ್ಕೆ ನಳದ ನೀರು. ಮೇ ಮೂರನೆಯ ವಾರಕ್ಕೆ 600ರ ಹತ್ತಿರ ಬಂತು.

ಅದೇ ತಿಂಗಳು ಮರಿ ಹಾಕಿದವು. ಗಪ್ಪಿ ಮೊಟ್ಟೆ ಇಡುವುದಿಲ್ಲ, ನಾಲ್ಕು ವಾರಕ್ಕೊಮ್ಮೆ ನೇರ ಮರಿಯನ್ನೇ ಹಾಕುತ್ತದೆ, ಹಾಕಿದ ಮೇಲೆ ಸಿಕ್ಕಿದ್ದನ್ನು ತಿನ್ನಲೂ ಹಿಂಜರಿಯುವುದಿಲ್ಲ. ಹಾರ್ನ್‌ವರ್ಟ್ ದಟ್ಟವಾಗಿದ್ದರೆ ಮರಿಗಳಿಗೆ ಅದೇ ಬೇಲಿ. ಎರಡು ಕಪ್ಪು ಚುಕ್ಕೆ ಕಣ್ಣು, ಹಿಂದೆ ಕೂದಲೆಳೆಯಷ್ಟು ಮೈ. ಮಗ ಎಣಿಸಿ 17 ಅಂದ, ಮಾವನವರು 19 ಅಂದರು. ದೊಡ್ಡವಾದ ಮೇಲೆ ಮಿಲ್ಲಿನ ಅಕ್ಕನಿಗೆ, ಮಗನ ಗೆಳೆಯರಿಗೆ ಕೊಡುವುದು ಅಂತ ಮಾತಾಗಿದೆ. ನಮ್ಮೂರ ಅಪ್ಪನ ಕೆರೆಗೆ ಬಿಡೋಣ ಅಂತ ಒಬ್ಬರು ಅಂದರು. ನಾನು ಒಪ್ಪಲಿಲ್ಲ. ಇದು ಹೊರದೇಶದ ಮೀನು, ಕೆರೆಯ ಮೂಲ ಮೀನುಗಳ ಪಾಲಿಗೆ ಕೈ ಹಾಕುತ್ತದೆ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಮೊದಲ ಮಳೆಯ ನೀರು ಮಾಳಿಗೆಯ ಧೂಳು ತೊಳೆದು ಹೋಗಲು ಬಿಟ್ಟು, ಎರಡನೆಯ ಮಳೆಗೆ ಮಗ ಸ್ಟೀಲಿನ ಕೊಡ ಇಟ್ಟ. ಪೆನ್ನು ಅದ್ದಿದರೆ 18. ಆರ್‌ಓ ಬದಲು ಈಗ ಅದನ್ನೇ ಹಾಕುತ್ತಿದ್ದೇವೆ. ಗಿಡದ ಜೊತೆ ಬಂದ ಒಂದು ಬಸವನಹುಳು ಕಲ್ಲಿನ ಬಾಗಿಲಿನ ಮೇಲೆ ಮನೆ ಮಾಡಿದೆ. ಅದರ ಚಿಪ್ಪು ಬೆಳೆದ ಜಾಗದಲ್ಲಿ ಒಂದು ಸವೆತವಿಲ್ಲ, ಸುಣ್ಣ ಸಾಕಷ್ಟು ಸಿಗುತ್ತಿದೆ. ಅನುಬಿಯಾಸಿನ ಬೇರು ಫರ್ಸಿಯ ಪದರದ ಸಂದಿಗೆ ಇಳಿದಿದೆ, ದಾರ ಕೊಳೆತು ಬಿದ್ದುಹೋಗಿದೆ.

ನಿನ್ನೆ ಸಂಜೆ ಮಿಲ್ಲಿನಿಂದ ಬಂದಾಗ ಮಾವನವರು ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಪಕ್ಕದ ಮನೆಯವರಿಗೆ ತೋರಿಸುತ್ತಿದ್ದರು. ಮೀನಿನ ಸುದ್ದಿ ಅಲ್ಲ. ಮೂರರಲ್ಲಿ ಮೇಲಿನ ಕಲ್ಲು ಯಾವ ಪದರಿನದು, ಆ ಪದರು ಎಷ್ಟು ಆಳದಲ್ಲಿ ಸಿಗುತ್ತದೆ, ಅದನ್ನು ಒಡೆಯದೆ ಸೀಳಲು ಉಳಿಯನ್ನು ಎಲ್ಲಿ ಇಡಬೇಕು ಅಂತ, ಗಾಜಿನ ಮೇಲೆ ಬೆರಳಿಟ್ಟು. ಬೆರಳು ಹೋದ ಕಡೆಯೆಲ್ಲ ಆಹಾರ ಅಂದುಕೊಂಡು ಗಪ್ಪಿಗಳೂ ಹೋಗುತ್ತಿದ್ದವು.